ಬುತ್ತಿ ಚೀಲದಲ್ಲಿ ಹೋದ ವೈನು

ನಮ್ಮ ಕಡೆ ಬಸ್ ಕಂಡಕ್ಟರ್ ಕೈಯಲ್ಲಿ ಬುತ್ತಿ ಕಳಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ನಾನು ಯಾದಗಿರಿಯ ಹಾಸ್ಟೆಲ್ಲಿನಲ್ಲಿ ಓದುತ್ತಿದ್ದಾಗ ಅವ್ವ ಸಗರದಿಂದ ಹೊರಡುವ ಬೆಳಗಿನ ಬಸ್ಸಿಗೆ ಒಂದು ಕೈಚೀಲ ಕೊಡುತ್ತಿದ್ದಳು. ಒಳಗೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಯಾದಗಿರಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಇಳಿದು, "ಸಗರದ ಬುತ್ತಿ ಯಾರದವಾ? ಲಗೂ ಬಾ!" ಎಂದು ಕೂಗುತ್ತಿದ್ದ. ಸುರಪುರದ ತರುಣ ಅವನು, ನೌಕರಿಗೆ ಹೊಸಬ. ನನಗೆ ಆಗಿನಿಂದಲೂ ಅಣ್ಣ. ಓದು ಮುಗಿಯುವವರೆಗೆ ಒಂದು ದಿನವೂ ಚೀಲ ಬಿಚ್ಚಿ ನೋಡಲಿಲ್ಲ, ಅದಕ್ಕೆ ಟಿಕೆಟ್ ಹರಿಯಲಿಲ್ಲ. ಇನ್ನೊಬ್ಬರ ಬುತ್ತಿ ಬಿಚ್ಚಿ ನೋಡುವುದೆಂದರೆ ನಮ್ಮಲ್ಲಿ ಉಣ್ಣಲು ಕೂತವರ ತಾಟಿಗೆ ಕೈ ಹಾಕಿದ ಹಾಗೆ. ಆ ಪದ್ಧತಿಯನ್ನೇ ನಂಬಿ ನಾನು ಜೀವನದ ದೊಡ್ಡ ತಪ್ಪು ಮಾಡಿದೆ.

ಓದು ಮುಗಿದ ಮೇಲೆ ಶಹಾಪುರದ ಒಬ್ಬ ವಕೀಲರ ಹತ್ತಿರ ಅರ್ಜಿ ಟೈಪ್ ಮಾಡುವ ಕೆಲಸಕ್ಕೆ ಸೇರಿದೆ. ಅಷ್ಟರಲ್ಲಿ ನಮ್ಮ ಹೊಲಕ್ಕೆ ಕಾಲುವೆ ನೀರು ಬಂದಿತ್ತು. ಸುತ್ತಲಿನವರೆಲ್ಲ ಭತ್ತಕ್ಕೆ ಬಿದ್ದರು. ನಮ್ಮ ಪಾಲಿನಲ್ಲಿ ಒಂದು ತುಂಡು ಎತ್ತರದ ಮರಡಿ, ಅಲ್ಲಿ ನೀರು ನಿಲ್ಲುತ್ತಿರಲಿಲ್ಲ. ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ದಾಟಿದ ಮೇಲೆ ನಾನು ಅಲ್ಲಿ ದ್ರಾಕ್ಷಿ ಹಚ್ಚಿದೆ, ಅದೂ ತಿನ್ನುವ ದ್ರಾಕ್ಷಿಯಲ್ಲ, ವೈನ್ ಮಾಡುವ ಬೀಜದ ದ್ರಾಕ್ಷಿ. ಅವ್ವ ಹಣೆ ಬಡಿದುಕೊಂಡಳು.

"ನಮ್ಮ ಮನಿತನದಾಗ ಯಾರೂ ಮಾಡಲಾರದ್ದು ನೀ ಮಾಡಾಕತ್ತೀದಿ. ಮಂದಿ ಏನಂದಾರು?"

"ಮಂದಿ ಏನರ ಅನ್ಲಿ. ಕಾಗದ ನನ್ನ ಕೈಯಾಗ ಇದ್ರ ಸಾಕು" ಎಂದೆ.

ಆ ಕಾಗದಕ್ಕಾಗಿ ಮೂರು ವರ್ಷ ಯಾದಗಿರಿಗೆ ತಿರುಗಿದೆ. ಭೂಮಿಯ ಪಹಣಿ, ಕಟ್ಟಡದ ನಕ್ಷೆ, ನೀರಿನ ಪರೀಕ್ಷೆ, ಒಂದು ಕೊಟ್ಟರೆ ಇನ್ನೊಂದು. ಬಹಳ ಸಲ ಅದೇ ಅಣ್ಣನ ಬಸ್ಸು. ಅವನ ತಲೆ ನರೆತಿತ್ತು, ಮಾತು ಮಾತ್ರ ಅದೇ. "ಇವತ್ತರ ಸಿಕ್ತೇನು ತಂಗಿ?" ಎನ್ನುತ್ತಿದ್ದ. ಇಲ್ಲ ಎಂದರೆ, "ಬಿಡಬ್ಯಾಡ, ತಿರುಗು" ಎನ್ನುತ್ತಿದ್ದ. ನಾನೇನು ಬಿಡುವವಳೇ? ಕೊನೆಗೂ ವೈನ್ ಮಾಡುವ ಪರವಾನಗಿ ಕೈಗೆ ಬಂದ ದಿನ ಬಸ್ಸಿನವರಿಗೆಲ್ಲ ಪೇಡೆ ಹಂಚಿದೆ. ಅಣ್ಣ ಎರಡು ತಿಂದ.

ಪರವಾನಗಿಯ ಷರತ್ತುಗಳನ್ನು ನಾನು ಬಾಯಿಪಾಠ ಮಾಡಿದ್ದೆ. ತೋಟದ ಮಳಿಗೆಯಲ್ಲೇ ಮಾರಬೇಕು. ಎದುರಿಗೆ ಬಂದು ನಿಂತು, ವಯಸ್ಸಿನ ಪುರಾವೆ ತೋರಿಸಿದವರಿಗೆ ಮಾತ್ರ ಕೊಡಬೇಕು. ಅಣ್ಣನ ಮಗಳು, ಅಂದರೆ ನನ್ನ ಒಡಹುಟ್ಟಿದವನ ಮಗಳು, ಕಂಪ್ಯೂಟರ್ ಬಲ್ಲವಳು. ತೋಟದ ಹೆಸರಿನಲ್ಲಿ ಇಂಟರ್‌ನೆಟ್ಟಿನಲ್ಲಿ ಒಂದು ಪುಟ ಮಾಡಿದಳು. ಮಾಡಿದ್ದೇ ತಡ, ಎಲ್ಲೆಲ್ಲಿಂದಲೋ ಜನ 'ಮನೆಗೆ ಕಳಿಸುತ್ತೀರಾ' ಎಂದು ಕೇಳತೊಡಗಿದರು. ನಾನು ಅಬಕಾರಿ ಕಚೇರಿಗೆ ಹೋಗಿ ಆನ್‌ಲೈನ್ ಮಾರಾಟಕ್ಕೆ ಅನುಮತಿ ಕೊಡಿ ಎಂದು ಅರ್ಜಿ ಕೊಟ್ಟೆ. ಅಲ್ಲಿನ ಸಾಹೇಬರು ಓದಿ ಕನ್ನಡಕ ತೆಗೆದರು.

"ಅಮ್ಮಾರ, ಫೋನಿನ್ಯಾಗ ಕೇಳಿದಾಂವ ಹುಡುಗನೋ ಮುದುಕನೋ ನಿಮಗ ಹೆಂಗ ಗೊತ್ತಾಗ್ಬೇಕು? ಮನಿಗೆ ಮುಟ್ಟಸಾಕ ಪರವಾನಗಿ ಇಲ್ರಿ. ಕೊರಿಯರ್ ಇಲ್ಲ, ಪಾರ್ಸಲ್ ಇಲ್ಲ."

ಸಿಟ್ಟು ಬಂತು, ಆದರೆ ಅವರ ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಅರ್ಜಿಗೆ ಸ್ವೀಕೃತಿ ಮೊಹರು ಹಾಕಿಸಿಕೊಂಡೇ ಬಂದೆ. ಮನೆಗೆ ಬಂದು ಅಣ್ಣನ ಮಗಳಿಗೆ ತಾಕೀತು ಮಾಡಿದೆ: ಯಾರು ಎಷ್ಟೇ ಗೋಗರೆದರೂ ಕೊರಿಯರಿನವನ ಕೈಗೆ ಒಂದು ಬಾಟಲಿಯನ್ನೂ ಕೊಡಕೂಡದು.

ಹೀಗಿರುವಾಗ ಆ ಪುಟದಲ್ಲಿ ರಂಗಂಪೇಟೆಯಿಂದ ಒಂದು ಬರಹ ಬಂತು. ಬರೆದವರು ಶಾಲೆಯಲ್ಲಿ ನನಗೆ ಕಲಿಸಿದ ಟೀಚರ್. ನಿವೃತ್ತರಾಗಿ ಬಹಳ ಕಾಲವಾಗಿತ್ತು, ಮೊಣಕಾಲು ನೋವಿನಿಂದ ಹೊಸ್ತಿಲು ದಾಟುತ್ತಿರಲಿಲ್ಲ. 'ನಿನ್ನ ಕೈಯಿಂದ ಆದದ್ದನ್ನು ರುಚಿ ನೋಡದೆ ನಾ ಸಾಯೋದಿಲ್ಲ, ಎರಡು ಬಾಟಲಿ ಕಳಿಸು' ಎಂದು ಬರೆದಿದ್ದರು. ನನಗೆ ಅಕ್ಷರ ತಿದ್ದಿದ ಕೈ ಅದು. ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಎರಡು ಬಾಟಲಿಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅವ್ವನ ಬುತ್ತಿ ಚೀಲದಲ್ಲಿಟ್ಟೆ. ಅಣ್ಣನ ಮಗಳು ನೋಡುತ್ತ ನಿಂತಿದ್ದಳು.

"ಅತ್ತೀ, ಇದೂ ಪಾರ್ಸಲ್ ಅಲ್ಲೇನು?"

"ಹೋಗಾ, ನಿನ್ನ ಶಾಣ್ಯಾತನ! ಕಂಡಕ್ಟರ್ ಅಣ್ಣನ ಕೈಯಾಗ ಕೊಡಾಕತ್ತೀನಿ. ಅಂವ ನಮ್ಮಾಂವ."

ನಿಜಕ್ಕೂ ನನ್ನ ತಲೆಯಲ್ಲಿ ಅದು ಹಾಗೇ ಇತ್ತು. ವಕೀಲರ ಕಚೇರಿಯಲ್ಲಿ ಇಷ್ಟು ವರ್ಷ ಕಾಯ್ದೆಯ ಮಾತು ಟೈಪ್ ಮಾಡಿದವಳಿಗೂ ಬಸ್ಸಿನ ಅಣ್ಣನ ಕೈಗೆ ಚೀಲ ಕೊಡುವುದು ಸಾಗಾಣಿಕೆ ಎಂದು ಹೊಳೆಯಲಿಲ್ಲ. ಆದರೆ ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ಚೀಲ ಕೊಡುವಾಗ, ಅವನು ಕೇಳದೆಯೇ, "ರಂಗಂಪೇಟಿ ಟೀಚರಿಗೆ ಮುಟ್ಟಸ್ರಿ ಅಣ್ಣಾ. ದ್ರಾಕ್ಷಿ ಅವ, ಜ್ವಾಕಿ" ಎಂದುಬಿಟ್ಟೆ. ಮೂವತ್ತು ವರ್ಷ ಒಳಗೇನಿದೆ ಎಂದು ಕೇಳದ ಮನುಷ್ಯನಿಗೆ ಸುಳ್ಳು ಹೇಳುವ ಜರೂರು ಏನಿತ್ತು? ತಪ್ಪೆಂದು ಎಲ್ಲೋ ಒಳಗೆ ಗೊತ್ತಿತ್ತು, ಅದಕ್ಕೇ.

ಮರುದಿನ ಟೀಚರ್ ಫೋನ್ ಮಾಡಿದರು. ಚೀಲ ಬರಲಿಲ್ಲವೆಂದು ಬಸ್‌ಸ್ಟ್ಯಾಂಡಿಗೆ ಆಳು ಕಳಿಸಿ ವಿಚಾರಿಸಿದ್ದರಂತೆ. ದಾರಿಯಲ್ಲಿ ಟಿಕೆಟ್ ತಪಾಸಣೆಯವರು ಬಸ್ಸು ಹತ್ತಿದ್ದರು. ಸೀಟಿನ ಕೆಳಗೆ ಟಿಕೆಟ್ ಇಲ್ಲದ ಚೀಲ ಕಂಡು ಬಿಚ್ಚಿಸಿದ್ದರು. ಯಾರದು ಎಂದರೆ ಅಣ್ಣ "ನಂದರಿ" ಎಂದನಂತೆ. ವಿಚಾರಣೆ ಮುಗಿಯುವ ತನಕ ಅವನನ್ನು ಕೆಲಸದಿಂದ ನಿಲ್ಲಿಸಿದ್ದರು. ನಿವೃತ್ತಿಗೆ ಇನ್ನು ಕೆಲವೇ ತಿಂಗಳು ಉಳಿದಿತ್ತು.

ಮೊದಲ ಬಸ್ಸು ಹಿಡಿದು ಸುರಪುರಕ್ಕೆ ಅವನ ಮನೆಗೆ ಹೋದೆ. ಅವನ ಹೆಂಡತಿ ನೀರು ಕೊಟ್ಟರು, ಆಮೇಲೆ ಮುಚ್ಚುಮರೆ ಇಲ್ಲದೆ ಹೇಳಿದರು. "ಇವ್ರು ಒಂದ ಹನಿ ಮುಟ್ಟಿದವ್ರಲ್ರಿ. ವರ್ಷಾ ಕೊಡೇಕಲ್ಲಿನ ಜಾತ್ರಿಗೆ ನಡ್ಕೋತ ಹೋಗಿ ಬರೋರು. ಈಗ ಓಣ್ಯಾಗ ಬಾಟ್ಲಿ ಕಂಡಕ್ಟರ್ ಅಂತಾರ್ರಿ."

ನೆಲ ಬಾಯಿ ಬಿಡಬಾರದೆ ಅನ್ನಿಸಿತು. "ನನ್ನ ಹೆಸರ ಯಾಕ ಹೇಳಲಿಲ್ಲ ಅಣ್ಣಾ?" ಎಂದು ಕೇಳಿದೆ.

"ಹೇಳಿದ್ರ ನಿನ್ನ ಕಾಗದ ಹೋಗ್ತಿತ್ತಲ್ಲ. ಮೂರು ವರ್ಷ ನೀ ತಿರುಗಿದ್ದು ನಾ ಕಣ್ಣಾರೆ ನೋಡೀನಿ. ನಂದೇನು, ಇನ್ನ ನಾಕ ದಿನದ ನೌಕರಿ." ಆಮೇಲೆ ಸಣ್ಣಗೆ ನಕ್ಕ. "ನೀ ದ್ರಾಕ್ಷಿ ಅಂದಿ. ದ್ರಾಕ್ಷೀದ ಅಲ್ಲೇನು ಅದು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನಗೆಯನ್ನು ತಡೆಯಲಾಗಲಿಲ್ಲ, ಅಲ್ಲೇ ಅತ್ತೆ. ಅತ್ತು ಮುಗಿದ ಮೇಲೆ ಎದ್ದು ನಿಂತೆ.

"ನಾಳೆ ಡಿಪೋಕ್ಕ ಹೊಂಟೀನಿ. ಅಲ್ಲಿಂದ ಅಬಕಾರಿ ಕಚೇರಿಗೆ."

"ಹುಚ್ಚಿ ಇದ್ದೀಯೇನು? ಸುಮ್ಕ ಕೂಡು!"

"ಮೂರು ವರ್ಷ ಬಿಡಬ್ಯಾಡ ಅಂತ ನೀವ ಹೇಳೀರಿ. ಈಗ ಸುಮ್ಕ ಕೂಡು ಅಂದ್ರ ನಾ ಕೂಡಂಗಿಲ್ಲ."

ಅಂದು ಸಂಜೆಯೇ ವಕೀಲರ ಕಚೇರಿಯಲ್ಲಿ ಕೂತು ಹೇಳಿಕೆ ಟೈಪ್ ಮಾಡಿದೆ. ಅಷ್ಟು ವರ್ಷ ನಾನು ಟೈಪ್ ಮಾಡಿದ ಅರ್ಜಿಗಳಲ್ಲೆಲ್ಲ 'ನನ್ನದೇನೂ ತಪ್ಪಿಲ್ಲ' ಎಂಬ ಸಾಲು ಇರುತ್ತಿತ್ತು. ತಪ್ಪು ನನ್ನದು ಎಂದು ಟೈಪ್ ಮಾಡಿದ್ದು ಅದೇ ಮೊದಲು. ಚೀಲ ನನ್ನದು, ಬಾಟಲಿ ನನ್ನವು, ಕಂಡಕ್ಟರಿಗೆ ದ್ರಾಕ್ಷಿ ಎಂದು ಸುಳ್ಳು ಹೇಳಿದವಳೂ ನಾನೇ ಎಂದು ಬರೆದು ದಸ್ತಖತ್ ಮಾಡಿದೆ. ವಕೀಲರು ಓದಿ, ಒಂದೆರಡು ಮಾತು ಮೆತ್ತಗೆ ಮಾಡೋಣ ಎಂದರು. ಒಂದಕ್ಷರ ಮುಟ್ಟಬೇಡಿ ಎಂದೆ.

ಡಿಪೋದಲ್ಲಿ ಒಂದು ಪ್ರತಿ ಕೊಟ್ಟು, ಇನ್ನೊಂದನ್ನು ಅಬಕಾರಿ ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಎರಡು ಸಲ ಓದಿದರು.

"ನೀವ ಬರದು ಕೊಟ್ರ ಪರವಾನಗಿ ಮ್ಯಾಲ ಕ್ರಮ ಆಗ್ತದ. ನಾ ಏನೂ ಮಾಡಾಕ ಬರಂಗಿಲ್ಲ ನೋಡ್ರಿ."

"ಗೊತ್ತದ್ರಿ. ಮೊಹರ ಹೊಡೀರಿ."

ಕ್ರಮ ಆಯಿತು. ಸರಿಯಾಗಿ ಸುಗ್ಗಿಯ ಹೊತ್ತಿಗೆ ನನ್ನ ಪರವಾನಗಿಯನ್ನು ಒಂದು ಹಂಗಾಮಿನ ಮಟ್ಟಿಗೆ ಅಮಾನತಿನಲ್ಲಿಟ್ಟು ವೈನ್ ತೊಟ್ಟಿಗಳಿಗೆ ಸೀಲ್ ಹಾಕಿದರು. ಅಣ್ಣ ಮತ್ತೆ ಬಸ್ಸು ಹತ್ತಿದ. ಟಿಕೆಟ್ ಇಲ್ಲದೆ ಚೀಲ ಒಯ್ದದ್ದಕ್ಕೆ ಅವನಿಗೆ ಎಚ್ಚರಿಕೆಯ ಪತ್ರವೊಂದು ಬಂತು, ಅಷ್ಟೇ. ಬಳ್ಳಿಗಳಿಗೇನು ಗೊತ್ತು ಅಮಾನತು? ಗೊಂಚಲು ಗೊಂಚಲಾಗಿ ಹಣ್ಣು ತೂಗಿದವು. ಬಿಸಿಲಿಗೆ ಹರವಿ ಒಣದ್ರಾಕ್ಷಿ ಮಾಡಿದೆ. ಬೀಜದ ಒಣದ್ರಾಕ್ಷಿ ಯಾರು ತಿಂತಾರೆ! "ಬೀಜ ಉಗುಳಿ ಉಗುಳಿ ಬಾಯಿ ಸೋತು ಹೋತು" ಎಂದು ಅವ್ವ ಗೊಣಗುತ್ತಲೇ ಮುಷ್ಟಿ ಮುಷ್ಟಿ ತಿಂದಳು.

ಪರವಾನಗಿ ಮುಂದಿನ ಹಂಗಾಮಿಗೆ ವಾಪಸು ಬಂತು. ಆನ್‌ಲೈನ್ ಅನುಮತಿಯ ಅರ್ಜಿಯನ್ನು ಇವತ್ತಿಗೂ ಪ್ರತಿ ವರ್ಷ ಕೊಡುತ್ತೇನೆ, ಅವರು ಪ್ರತಿ ವರ್ಷ ಇಲ್ಲ ಎನ್ನುತ್ತಾರೆ. ಸಿಗುವವರೆಗೆ ನಮ್ಮ ಪುಟದಲ್ಲಿ ಇರುವುದು ಒಂದೇ ಸಾಲು: 'ಬೇಕಾದವರು ತೋಟಕ್ಕೆ ಬರ್ರಿ.' ಟೀಚರನ್ನು ನಾನೇ ಕಾರು ಮಾಡಿಸಿ ಕರೆತಂದೆ. ಮಳಿಗೆಯ ಮುಂದೆ ನಿಲ್ಲಿಸಿ, ನಗುತ್ತಲೇ ವಯಸ್ಸಿನ ಪುರಾವೆ ಕೇಳಿದೆ.

ಆದರೆ ಮರೆಯಲಾಗದ್ದು ಅದಕ್ಕೂ ಮೊದಲಿನ ಒಂದು ಬೆಳಗು. ಅಣ್ಣ ಕೆಲಸಕ್ಕೆ ಮರಳಿದ ಮೇಲೆ ಟೀಚರಿಗೆ ಒಣದ್ರಾಕ್ಷಿ ಕಳಿಸಲು ಅದೇ ಚೀಲ ಹಿಡಿದು ಶಹಾಪುರ ಬಸ್‌ಸ್ಟ್ಯಾಂಡಿಗೆ ಹೋದೆ. ಅವನ ಮುಂದೆ ಗಂಟು ಬಿಚ್ಚಹೊರಟರೆ ಅವನು ಮುಖ ಆ ಕಡೆ ತಿರುಗಿಸಿದ.

"ಕಟ್ಟು ತಂಗಿ. ಯಾವತ್ತರ ನೋಡೀನೇನು ನಾ?"

"ಇವತ್ತ ನೋಡ್ರಿ. ನೋಡೂತನಾ ನಾ ಬಾಗಲದಾಗಿಂದ ಸರಿಯಂಗಿಲ್ಲ."

ಒಳಗಿನಿಂದ ಜನ, "ಏ ಬಸ್ ಬಿಡಾಕ ಹೇಳ್ರಿ!" ಎಂದು ಚೀರಿದರು. ನಾನು ಕದಲಲಿಲ್ಲ. ಕೊನೆಗೆ ಅಣ್ಣ ಬಗ್ಗಿ ನೋಡಿದ. ಒಂದು ಒಣದ್ರಾಕ್ಷಿ ಬಾಯಿಗೆ ಹಾಕಿಕೊಂಡು ಬೀಜವನ್ನು ಅಂಗೈಗೆ ಉಗುಳಿದ. ಆಮೇಲೆ ತಾನೇ ಚೀಲದ ಗಂಟು ಕಟ್ಟಿ ಟಿಕೆಟ್ ಯಂತ್ರ ಒತ್ತಿ, ಲಗೇಜಿನ ಟಿಕೆಟ್ ಹರಿದು ನನ್ನ ಕೈಗಿಟ್ಟ. ಮೂವತ್ತು ವರ್ಷದಲ್ಲಿ ನಮ್ಮ ಬುತ್ತಿಗೆ ಅವನು ಹರಿದ ಮೊದಲ ಟಿಕೆಟ್.

"ಇನ್ನ ಮ್ಯಾಲ ಹಿಂಗ ತಂಗಿ" ಎಂದು ಸೀಟಿ ಊದಿದ. ಬಸ್ಸು ಹೋದ ಮೇಲೂ ನಾನು ಆ ಚೀಟಿ ಹಿಡಿದು ಅಲ್ಲೇ ನಿಂತಿದ್ದೆ. ಅವನ ನೌಕರಿ ಉಳಿಯಿತೆಂದು ಸಂತೋಷವಾಗಿತ್ತು. ನಮ್ಮ ಬುತ್ತಿಗೂ ಟಿಕೆಟ್ ಬೇಕಾಗುವಂತೆ ಮಾಡಿದವಳು ನಾನೇ ಎಂದು ಕಣ್ಣೀರೂ ಬಂತು.