ಹೆಜ್ಜೆ ಕೇಳುವ ಹೊತ್ತು

ಹೊತ್ತು ಇಳಿದಂತೆ ಅತ್ತಿಗೆಯ ಗಾಜಿನ ಬಳೆಗಳು ಮೇಲೇರುತ್ತಿದ್ದವು. ದೀಪ ಹಚ್ಚಿದ ಕೂಡಲೇ ಅವರು ಬಳೆಗಳನ್ನು ಮಣಿಕಟ್ಟಿನಿಂದ ಮೇಲಕ್ಕೆ ಒತ್ತಿ, ಅಲುಗದಂತೆ ಬಿಗಿ ಮಾಡಿ, ಬಾಗಿಲ ಪಕ್ಕ ಕೂರುತ್ತಿದ್ದರು. ಬಳೆ ಸದ್ದಿನಲ್ಲಿ ಅಣ್ಣನ ಹೆಜ್ಜೆ ಸದ್ದು ತಪ್ಪಿಹೋಗಬಾರದು. ಮಧುಗಿರಿಯ ನಮ್ಮ ಓಣಿಗೆ ಕಲ್ಲು ಚಪ್ಪಡಿ ಹಾಸಿತ್ತು. ಕುಡಿಯದ ದಿನ ಅಣ್ಣನ ಚಪ್ಪಲಿಗಳು ಸಮನಾಗಿ ಬೀಳುತ್ತಿದ್ದವು. ಕುಡಿದ ದಿನ ಒಂದು ಬೀಳುತ್ತಿತ್ತು, ಇನ್ನೊಂದು ಎಳೆಯುತ್ತಿತ್ತು. ಎಳೆಯುವ ಸದ್ದು ಕೇಳಿದರೆ ಅತ್ತಿಗೆ ಎದ್ದು ಈಳಿಗೆಮಣೆಯನ್ನೂ ಒನಕೆಯನ್ನೂ ಒಳಕೋಣೆಗೆ ಹಾಕಿ ಬೀಗ ಜಡಿಯುತ್ತಿದ್ದರು.

ಅಣ್ಣ ದರ್ಜಿ. ಕೈ ನಡುಗಿ ಸೂಜಿಗೆ ದಾರ ಪೋಣಿಸಲಾಗದ ಸ್ಥಿತಿಗೆ ಬಂದಿದ್ದ. ಇನ್ನು ಕುಡಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ನಾನು ಹಾಸ್ಟೆಲಿನ ಗಂಟೆಗೆ ಎದ್ದು ಕೂತು ಬೆಳೆದವನು, ಆಗಷ್ಟೇ ಮೇಷ್ಟರಾಗಿದ್ದೆ. ಬೆಳಿಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ ಅಣ್ಣನಿಗೊಂದು ಕ್ರಮ ಹಾಕಿಕೊಟ್ಟೆ. ಪಾವಗಡದ ಕಡೆಯ ಅತ್ತಿಗೆ ನನ್ನನ್ನು ತೆಲುಗಿನಂತೆ ಅಬ್ಬಯ್ಯ ಎಂದೇ ಕರೆಯುತ್ತಿದ್ದರು. "ಹಗಲೆಲ್ಲ ನಿನ್ ಕ್ರಮ ನಡೀತದೆ ಅಬ್ಬಯ್ಯಾ. ಹೊತ್ತು ಮುಳುಗಿದ್ಮೇಲೆ ಅವರ ಪಕ್ಕದಾಗೆ ಕುಡಿತ ಬಿಡೋಕೆ ಹೆಣಗೋ ಅವರಂಥೋರೇ ಕೂತಿರಬೇಕು," ಎಂದರು.

ಅಂಥವರನ್ನು ಹುಡುಕಿಕೊಂಡು ಅತ್ತಿಗೆ ಬಸ್ಸು ಹತ್ತಿದರು. ಊರಲ್ಲಿ ಮೊದಲೇ ಒಂದು ಪಾನನಿರೋಧದ ಸಭೆ ನಡೆದಿತ್ತು. ಭಾಷಣಕಾರರು ಅಣ್ಣನನ್ನು ವೇದಿಕೆಗೆ ಕರೆದು, "ಈ ಕೈ ನೋಡಿ!" ಎಂದು ಜನಕ್ಕೆ ತೋರಿಸಿದರು. ಅತ್ತಿಗೆ ಹೆಂಗಸರ ಸಾಲಿನಿಂದ ಎದ್ದು ಹೋಗಿ ಆ ಕೈಯನ್ನೇ ಹಿಡಿದು ಅವನನ್ನು ಇಳಿಸಿಕೊಂಡು ಬಂದರು.

ಕೊರಟಗೆರೆಯ ಹತ್ತಿರ ಒಂದು ಭಜನೆಯ ಕೂಟವಿತ್ತು. ಕುಡಿತ ಬಿಡುವವರು ದೇವಿಯ ಮುಂದೆ ಆಣೆ ಮಾಡಬೇಕು, ಕೈಗೆ ಅರಿಶಿನದ ದಾರ ಕಟ್ಟಿಸಿಕೊಳ್ಳಬೇಕು. ಅಣ್ಣನೂ ಕಟ್ಟಿಸಿಕೊಂಡ, ನಮಗೆಲ್ಲ ಧೈರ್ಯ ಬಂತು. ಕೆಲವು ವಾರ ಹೆಜ್ಜೆ ಸಮನಾಗಿಯೇ ಕೇಳಿಸಿತು. ಆಮೇಲೊಂದು ಸಂಜೆ ಹೆಜ್ಜೆಯೇ ಕೇಳಿಸಲಿಲ್ಲ. ಮಾರನೆಯ ದಿನ ಅಣ್ಣ ಮಿಡಿಗೇಶಿಯ ಬಸ್ಸು ನಿಲ್ಲುವ ಮರದಡಿ ಬಿದ್ದಿದ್ದ. ದಾರವನ್ನು ಹಲ್ಲಿನಲ್ಲಿ ಕಡಿದುಹಾಕಿದ್ದ. "ಆಣೆ ಮುರಿದ್ಬುಟ್ಟೆ ಕಣ್ಲಾ. ಅಮ್ಮ ಬುಡಕಿಲ್ಲ ನನ್ನ. ಆ ಭಯಕ್ಕೇ ಇನ್ನೊಂದಿಷ್ಟು ಕುಡಿದೆ," ಎಂದು ಮಗುವಿನಂತೆ ಅತ್ತ. ಕೂಟದವರು ಅವನನ್ನು ಮತ್ತೆ ಸೇರಿಸಲಿಲ್ಲ. ಆಣೆ ಕೆಟ್ಟವನು ಕುಳಿತರೆ ಎಲ್ಲರ ಆಣೆಯೂ ಕೆಡುತ್ತದಂತೆ.

ದಾರಿ ತೋರಿದವರು ಶಿರಾದ ಬಳೆಗಾರ ಸಾಬರು. ಹಬ್ಬಕ್ಕೆ ಬಳೆ ತೊಡಿಸುವಾಗ ಅತ್ತಿಗೆಯ ಮುಂಗೈಯ ಮೇಲೆ ಬಳೆ ಒತ್ತಿ ಬಿದ್ದ ಗುರುತನ್ನು ಕಂಡು ಕೈ ತಡೆದರು.

"ಏನಮ್ಮಾ, ಸಂಜೆಗೆ ಬಳೆ ಮೇಲಕ್ಕೆ ತಳ್ತೀರಾ?"

ಅತ್ತಿಗೆ ಸೆರಗನ್ನು ಮುಂಗೈಯ ಮೇಲೆ ಎಳೆದುಕೊಂಡರು.

"ನಮ್ ಬೀಬೀನೂ ಹಿಂಗೇ ತಳ್ತಿದ್ಲು. ನಂದು ಹೆಜ್ಜೆ ಕೇಳೋಕೆ," ಎಂದು ಸಾಬರು ತಲೆ ತಗ್ಗಿಸಿದರು. "ಸಂತೆ ದಿನ ಶಿರಾಕ್ಕೆ ಕರ್ಕೊಂಡು ಬನ್ನಿ. ಭಾಷಣ ಇಲ್ಲ, ಆಣೆ ಇಲ್ಲ."

ಅದು ಕಂಬಳಿ ನೇಯುವವನೊಬ್ಬನ ಅಂಗಳ. ಸಂತೆ ಮುಗಿದು ಗಂಡಸರು ಕಳ್ಳಿನ ಕಡೆ ತಿರುಗುವ ಹೊತ್ತಿಗೆ ಕೆಲವರು ಅಲ್ಲಿಗೆ ಬಂದು, ತಕಲಿ ಹಿಡಿದು ಕುರಿಯ ಉಣ್ಣೆ ನೂಲುತ್ತಿದ್ದರು. ಸಾಬರೂ ನೂಲುತ್ತಿದ್ದರು. ಅಣ್ಣನ ಕೈಗೂ ತಕಲಿ ಬಂತು. ಎಳೆ ಹರಿಯಿತು. ಮತ್ತೆ ಹರಿಯಿತು.

"ದರ್ಜಿ ಕೈ ನೋಡ್ಲಾ, ನನ್ನೆಮ್ಮೇನೆ ಮೇಲು!" ಎಂದನೊಬ್ಬ. ಎಲ್ಲರೂ ನಕ್ಕರು, ಅಣ್ಣನೂ ನಕ್ಕ.

"ಹರಿದ್ರೆ ಹರೀಲಿ ಬುಡು. ಸೇರಿಸ್ಕೊ," ಎಂದ ಕಂಬಳಿಯವನು. "ಗಂಟು ಬಿದ್ದ ನೂಲ್ನಾಗೂ ಕಂಬಳಿ ಆಯ್ತದೆ."

ಮಾತು ತಾನಾಗಿ ಬರುತ್ತಿತ್ತು. ಯಾರಿಗೆ ಯಾವ ಹೊತ್ತಿನಲ್ಲಿ ಆಸೆ ಕೆರಳಿತು, ಯಾರು ಯಾವ ಓಣಿಯನ್ನು ಬಳಸಿಕೊಂಡು ಬಂದರು, ಇಂಥವೇ. ಗೋಡೆಯಾಚೆ ನನ್ನ ಪಕ್ಕದಲ್ಲಿ ನಿಂತು ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ಆದರೂ ಅಣ್ಣ ಒಮ್ಮೆ ಜಾರಿದ. ಆ ವಾರವೆಲ್ಲ ಅತ್ತಿಗೆ ಸರಿಯಾಗಿ ಅನ್ನ ಮುಟ್ಟಲಿಲ್ಲ. "ಇಲ್ಲೂ ಆಚೆಗೆ ಹಾಕಿದ್ರೆ ಇನ್ನೆಲ್ಲಿಗೆ ಕರ್ಕೊಂಡು ಹೋಗ್ಲಿ ಅಬ್ಬಯ್ಯಾ? ಎಲ್ಲಾ ಬಸ್ಸೂ ಮುಗಿದೋದ್ವು," ಎಂದರು. ಸಂತೆಯ ದಿನ ಅಣ್ಣ ಅಂಗಳದ ಬಾಗಿಲಲ್ಲೇ ನಿಂತ. ಒಳಕ್ಕೆ ಕಾಲಿಡಲು ಹೆದರಿ, "ಕುಡಿದ್ಬುಟ್ಟೆ" ಎಂದ. ನನ್ನ ಪಕ್ಕದಲ್ಲಿ ಅತ್ತಿಗೆ ಬಳೆಗಳನ್ನು ಮೇಲಕ್ಕೆ ಒತ್ತಿಕೊಂಡರು.

"ಬಂದ್ಯಲ್ಲ. ಕೂತ್ಕೊ," ಎಂದು ಸಾಬರು ತಕಲಿ ನೀಡಿದರು.

ಅತ್ತಿಗೆ ಗೋಡೆಗೆ ಹಣೆ ಒತ್ತಿ ಅತ್ತರು.

ಅಣ್ಣ ಮತ್ತೆ ಕುಡಿಯಲಿಲ್ಲ. ಹೊಲಿಗೆಯಂತ್ರ ಮತ್ತೆ ತಿರುಗಿತು. ಆದರೆ ಸಂಜೆ ಬಳೆ ಏರುವುದು ಮಾತ್ರ ನಿಲ್ಲಲಿಲ್ಲ. "ಇನ್ನೇನು ಭಯ ಅತ್ತಿಗೆ?" ಎಂದು ಕೇಳಿದ್ದೆ. "ಅವ್ರು ಬಿಟ್ಟವ್ರೆ ಅಂತ ಭಯಕ್ಕೆ ಹೇಳಿದೋರು ಯಾರು ಅಬ್ಬಯ್ಯಾ?" ಎಂದರು.

ಅರವತ್ತರ ದಶಕ ಮುಗಿಯುವ ಮುನ್ನ ಅವರು ಹಾಸಿಗೆ ಹಿಡಿದರು. ಕೈ ಸೊರಗಿ, ಏರಿಸಿದ ಬಳೆಗಳು ನಿಲ್ಲುತ್ತಿರಲಿಲ್ಲ. ಕೊನೆಯ ಸಂಜೆ ಅಣ್ಣ ತಲೆದೆಸೆಯಲ್ಲೇ ಕುಳಿತಿದ್ದ. ಜ್ವರದಲ್ಲಿ ಅತ್ತಿಗೆಯ ಕಣ್ಣು ಬಾಗಿಲಿನ ಮೇಲಿತ್ತು.

"ಇನ್ನೂ ಬರಲಿಲ್ವಾ?"

"ಇಲ್ಲೇ ಇವ್ನಿ ಕಣೇ."

ಅತ್ತಿಗೆ ನಂಬಲಿಲ್ಲ. ಮತ್ತೆ ಅದನ್ನೇ ಕೇಳಿದರು, ಕೈ ಬಳೆಗಳನ್ನು ತಡಕುತ್ತಿತ್ತು. ಅಣ್ಣ ಎದ್ದ. ಚಪ್ಪಲಿ ಮೆಟ್ಟಿ ಓಣಿಯ ತುದಿಗೆ ಹೋದ. ಸದ್ದಾಗದಂತೆ ನಾನು ಅತ್ತಿಗೆಯ ಬಳೆಗಳನ್ನು ಮೇಲಕ್ಕೆತ್ತಿ ಹಿಡಿದುಕೊಂಡೆ.

ಚಪ್ಪಡಿಯ ಮೇಲೆ ಹೆಜ್ಜೆ ಕೇಳಿಸಿತು. ಒಂದಾದ ಮೇಲೊಂದು, ಸಮನಾಗಿ, ಹೊಸ್ತಿಲವರೆಗೆ.

ಅತ್ತಿಗೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಹಿಡಿತದಿಂದ ಕೈ ಬಿಡಿಸಿಕೊಂಡು ಕೆಳಗಿಳಿಸಿದರು. ಬಳೆಗಳು ಘಲ್ಲೆಂದು ಮಣಿಕಟ್ಟಿಗೆ ಜಾರಿದವು.