ಸ್ಟ್ಯೂ ಬೇಯುತ್ತಿದ್ದ ಕೋಣೆ

ಗಲ್ಫಿನ ಖಾಲಿದಿಯಾ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿ ನಾನು ಮತ್ತು ಅಕ್ಕ ಒಂದು ಕೋಣೆ ಹಂಚಿಕೊಂಡಿದ್ದೇವೆ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಬಂಟ್ವಾಳದ ಕಡೆಯ ನರ್ಸ್, ನನಗಿಂತ ಹಿರಿಯಳು. ಅಡುಗೆಮನೆ ಉಳಿದ ಕೋಣೆಗಳವರಿಗೂ ಸೇರಿದ್ದು, ಸರದಿಯ ಮೇಲೆ ಸಿಗುತ್ತದೆ. ಇಡೀ ದಿನ ಒಂದೇ ಪಾತ್ರೆ ಅಲ್ಲಿ ಕೂತಿರಲು ಯಾರೂ ಬಿಡುವುದಿಲ್ಲ. ಹಾಗಾಗಿ ತಾಸುಗಟ್ಟಲೆ ನಿಧಾನವಾಗಿ ಬೇಯಿಸುವ ಅಕ್ಕನ ಕರೆಂಟ್ ಪಾತ್ರೆ, ಸ್ಲೋ ಕುಕ್ಕರ್, ನಮ್ಮ ಮಂಚಗಳ ನಡುವಿನ ಸ್ಟೂಲಿನ ಮೇಲಿರುತ್ತಿತ್ತು.

ಆ ಶನಿವಾರ ನನಗೆ ರಜೆ. ರಾತ್ರಿ ಪಾಳಿ ಮುಗಿಸಿ ಬಂದ ಅಕ್ಕ ಮಲಗುವ ಮೊದಲು ದನದ ಮಾಂಸದ ಸ್ಟ್ಯೂಗೆ ಇಟ್ಟಳು. ಎಲುಬಿನ ಸಮೇತ ಕಾಲಿನ ಮಾಂಸ; ಅಗ್ಗ, ಆದರೆ ಬೇಗ ಬೇಯುವುದಿಲ್ಲ. ಅದನ್ನು ಕರೆಂಟ್ ಒಲೆಯ ಮೇಲೆ ಚೆನ್ನಾಗಿ ಹುರಿದು, ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ, ಕಾಳುಮೆಣಸಿನ ಜೊತೆ ಕುಕ್ಕರಿಗೆ ಹಾಕುತ್ತಾಳೆ. ಹುರಿಯುವಾಗ ಹೊಗೆ ಏಳುತ್ತದೆ. ಛಾವಣಿಯ ಅಲಾರಂ ಹೊಡೆದುಕೊಂಡರೆ ವಾಚ್‌ಮನ್ ಓಡಿ ಬರುತ್ತಾನೆ. ಅದಕ್ಕೆ ಇಂಥ ಕೋಣೆಗಳಲ್ಲಿ ಬಹಳ ಜನ ಮಾಡುವುದನ್ನೇ ಅಕ್ಕನೂ ಮಾಡಿದಳು: ಮಂಚದ ಮೇಲೆ ನಿಂತು ಅಲಾರಂಗೆ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸಿದಳು.

"ಆಮೇಲೆ ತೆಗೆಯೋದು ಮರೀಬೇಡಿ ಅಕ್ಕ."

"ಆಯ್ತು ಮಾರಾಯ್ತಿ. ನನ್ನ ಅತ್ತೆಗಿಂತ ನಿಂದೇ ಜಾಸ್ತಿ ಆಯ್ತು. ಖುಬ್ಬೂಸ್ ರೊಟ್ಟಿ ತಾ ಹೋಗು, ನಾನು ಏಳುವಾಗ ಸ್ಟ್ಯೂ ರೆಡಿ ಇರ್ತದೆ."

ನಾನು ಹೊರಟ ಮೇಲೆ ಅವಳು ಆ ಟೋಪಿ ತೆಗೆಯಲಿಲ್ಲ. ದಣಿದಿದ್ದಳು, ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿಬಿಟ್ಟಳು. ಕುಕ್ಕರ್, ಒಲೆ, ಫ್ಯಾನು ಎಲ್ಲವೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ, ಅದು ಅವಳ ಮಂಚದ ಕೆಳಗೆ, ಸೂಟ್‌ಕೇಸುಗಳ ಸಂದಿಯಲ್ಲಿ.

ಬೇಕರಿಯವನು, "ಬಿಸಿ ರೊಟ್ಟಿ ಈಗ ಬರ್ತದೆ, ನಿಲ್ಲಿ," ಎಂದ. ನಾನು ನಿಲ್ಲದೆ ಆರಿದ್ದನ್ನೇ ತೆಗೆದುಕೊಂಡು ಬಂದೆ. ಕಾರಿಡಾರಿನಲ್ಲಿ ಸ್ಟ್ಯೂವಿನ ಘಮ. ನನಗೆ ಹಸಿವಾಯಿತು. ಆ ಘಮದ ಅಡಿಯಲ್ಲೇ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆಯೂ ಇತ್ತು.

ಬಾಗಿಲು ತೆರೆದೆ. ಕೋಣೆಯ ಮೇಲರ್ಧದಲ್ಲಿ ಹೊಗೆ ಕಟ್ಟಿತ್ತು. ಮಂಚದ ಕೆಳಗಿನ ಬೋರ್ಡು ಕರಗಿ ಉರಿಯುತ್ತಿತ್ತು; ಇಳಿಬಿದ್ದ ಹೊದಿಕೆಯ ಅಂಚಿಗೂ ಬೆಂಕಿ ಹತ್ತಿತ್ತು. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೂಗಿದೆ, ಕೇಳಲಿಲ್ಲ. ಕಾಲು ಹಿಡಿದು ಎಳೆದರೆ ನಿದ್ದೆಯಲ್ಲೇ ಒದ್ದಳು. ಮತ್ತೆ ಎಳೆದೆ. ಇಬ್ಬರೂ ಕಾರಿಡಾರಿನ ನೆಲಕ್ಕೆ ಬಿದ್ದೆವು. ಪಕ್ಕದ ಕೋಣೆಯವರು ಮೇನ್ ಸ್ವಿಚ್ ಆರಿಸಿ, ಕಾರಿಡಾರಿನ ಗೋಡೆಯಲ್ಲಿದ್ದ ಅಗ್ನಿಶಾಮಕ ಸಿಲಿಂಡರ್ ತಂದು ಬೆಂಕಿ ನಂದಿಸಿದರು.

ಅಕ್ಕ ತುಂಬ ಹೊತ್ತು ಕೆಮ್ಮಿದಳು. ಆಮೇಲೆ, "ಸ್ಟ್ಯೂ?" ಎಂದಳು.

"ಖಲಾಸ್."

ನಗಲು ಹೋಗಿ ಮತ್ತೆ ಕೆಮ್ಮಿದಳು. ನನ್ನ ಮಣಿಕಟ್ಟನ್ನು ಮಾತ್ರ ಬಿಡಲಿಲ್ಲ.

ಬೇಕರಿಯಲ್ಲಿ ನಿಂತಿದ್ದರೆ? ಈಗ ಆಫೀಸಿನ ಡೆಸ್ಕಿನಲ್ಲಿ ಕೂತಾಗಲೂ ಅದೇ ಯೋಚನೆ. ಅವಳು ಹಗಲು ಮಲಗುವ ದಿನಗಳಲ್ಲಿ ತಡೆಯಲಾರದೆ ಅಲ್ಲಿಂದಲೇ ಫೋನ್ ಮಾಡುತ್ತೇನೆ.

"ಎಂತ ಮಾರಾಯ್ತಿ, ಈಗಷ್ಟೇ ಕಣ್ಣು ಹತ್ತಿದ್ದು. ಬದುಕಿದ್ದೇನೆ, ಇಡು."

ಪ್ರತಿ ಸಲವೂ ಬೈಯುತ್ತಾಳೆ. ಆದರೂ ಫೋನನ್ನು ಸೈಲೆಂಟ್‌ಗೆ ಹಾಕಿ ಮಲಗುವುದಿಲ್ಲ.