ಪಾದದ ಕೆಳಗೊಂದು ಮೊರ ಜೋಳ

ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಡಾಕ್ಟರ್ ಶಿವಯೋಗೆಪ್ಪನವರು ಕಂಕುಳಲ್ಲಿ ಮೊರ, ಕೈಯಲ್ಲಿ ಜೋಳದ ಕೈಚೀಲ ಹಿಡಿದು ಆಸ್ಪತ್ರೆಯತ್ತ ಬಿರಬಿರನೆ ನಡೆದಿದ್ದಾರೆ. ಟಾಂಗಾದ ಬುಡ್ಡೇಸಾಬ ಸುಮ್ಮನಿರುವ ಆಸಾಮಿಯಲ್ಲ. "ಗಿರಣಿ ಇನ್ನೂ ತೆರದಿಲ್ರಿ, ಸಾಹೇಬ್ರ!" ಎಂದು ಕೂಗುತ್ತಾನೆ. ಡಾಕ್ಟರು ನಗುತ್ತಾರೆ, ನಿಲ್ಲುವುದಿಲ್ಲ.

ಈ ಜೋಳ ಬೀಸುವುದಕ್ಕಲ್ಲ, ಕಾಲಿಗೆ! ಬೆನ್ನುಹುರಿಯಲ್ಲಿ ಗಂಟು ಬೆಳೆದರೆ ಕಾಲುಗಳು ಕೊರಡಾಗುತ್ತವೆ. ಆ ಗಂಟನ್ನು ಬಿಡಿಸಿ ತೆಗೆಯುವುದೇ ಶಿವಯೋಗೆಪ್ಪನವರ ಕಸುಬು. ತೆಗೆದ ಮೇಲೆ ಕಾಲಿಗೆ ಜೀವ ಬಂತೋ ಇಲ್ಲವೋ ತಿಳಿಯಬೇಕಲ್ಲ? ಸೂಜಿ ಕಂಡರೆ ನಮ್ಮ ಮಂದಿ ಚುಚ್ಚುವ ಮೊದಲೇ ಅಯ್ಯಯ್ಯೋ ಅನ್ನುತ್ತಾರೆ. ಅದಕ್ಕೇ ಇವರು ರೋಗಿಯ ಕಣ್ಣು ಮುಚ್ಚಿಸಿ, ಪಾದದ ಕೆಳಗೆ ಮೊರ ಇಟ್ಟು, ಏನಿದೆ ಎಂದು ಕೇಳುತ್ತಾರೆ. ಒಮ್ಮೆ ಜೋಳ, ಒಮ್ಮೆ ಹತ್ತಿಕಾಳು, ಒಮ್ಮೆ ಬರೀ ಮೊರ.

ಡಾಕ್ಟರು ಸಾರವಾಡದ ಒಕ್ಕಲುತನದ ಮನೆಯಿಂದ ಬಂದವರು. ಸ್ವಾತಂತ್ರ್ಯ ಬಂದ ವರ್ಷ ಮುಂಬಯಿಯಲ್ಲಿ ಕಲಿತು ಮರಳಿದಾಗ ಗೆಳೆಯರು ನಕ್ಕರಂತೆ. "'ಊರಾಗ ಬ್ಯಾರೆ ರೋಗ ಇಲ್ಲೇನು, ಬೆನ್ನಿಗ್ಯಾಕ ಬಿದ್ದಿಯೋ' ಅಂದ್ರು," ಎನ್ನುತ್ತಾರೆ ಡಾಕ್ಟರು. "ನಮ್ಮ ಶಂಕ್ರೆವ್ವ ಅತ್ತಿ ಕಾಲು ಹೋಗಿ ನೆಲಾ ಹಿಡದಿದ್ಲರಿ. ಎಲ್ಲಾರೂ ದೆವ್ವದ ಗಾಳಿ ಸ್ವಾಕೇತಿ ಅಂದ್ರು. ಅದು ಗಂಟು ಅಂತ ನಾ ಕಲಿಯೂದ್ರಾಗ ಆಕಿ ಹೋಗಿಬಿಟ್ಲು."

ಈಗ ಎಲ್ಲರ ಕಣ್ಣೂ ತಿಕೋಟಾದ ಮಾಸುಮಬಿಯ ಪಾದದ ಮೇಲಿದೆ. ಎತ್ತಿನ ಗಾಡಿಯಲ್ಲಿ ಮಲಗಿಸಿ ತಂದಿದ್ದ ಹೆಂಗಸು. ಗಂಟು ತೆಗೆದಾಗಿದೆ, ಗಾಯ ಮಾಯ್ದಿದೆ, ಕಾಲಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ. ಪಕ್ಕದ ಮಂಚದಲ್ಲಿ ಬಬಲೇಶ್ವರದ ಬಸಗೊಂಡಪ್ಪ ಅಂಥದೇ ಗಂಟು ಹೊತ್ತು ಮಲಗಿ ಹಟ ಹಿಡಿದಿದ್ದಾನೆ: "ಮೊದಲ ಆಕಿ ಕಾಲು ಎಚ್ಚರಾಗಲಿ. ಅಲ್ಲೀತನಕಾ ನನ್ನ ಬೆನ್ನ ಮುಟ್ಟಗೊಡಂಗಿಲ್ಲ." ತಡವಾದರೆ ಅವನ ಕಾಲುಗಳೂ ಪೂರಾ ಹೋಗುತ್ತವೆ. ಡಾಕ್ಟರ ಸಂಕಟ ಅದೇ.

ಮಾಸುಮಬಿ ಕಣ್ಣು ಮುಚ್ಚುತ್ತಾಳೆ. ಡಾಕ್ಟರು ಅವಳ ಪಾದ ಎತ್ತಿ ಮೊರದಲ್ಲಿಡುತ್ತಾರೆ.

"ಏನೈತಿ ಹೇಳು, ಯವ್ವಾ?"

ಹೆಬ್ಬೆರಳು ಸಣ್ಣಗೆ ಅಲುಗುತ್ತದೆ. ಮಾಸುಮಬಿ ಮುಖ ಕಿವುಚುತ್ತಾಳೆ.

"ಯಪ್ಪಾ, ಜ್ವಾಳ ಐತಿ. ಆದ್ರ ಇದರಾಗ ಬರೇ ಹಳ್ಳು ಅದಾವಲ್ರೀ! ಚುಚ್ಚಾಕತ್ತಾವ. ಹಸನ ಮಾಡದ ಜ್ವಾಳ ತರೂದೇನ್ರಿ?"

ದಿನಾ ಈ ಹಳ್ಳು-ಕಲ್ಲು ಆರಿಸಿ ಹಸನು ಮಾಡಿ ಕೊಡುವವರು ಡಾಕ್ಟರ ಹೆಂಡತಿ ಗುರುಬಸವ್ವ. ಇಂದು ಅವರು ಏಳುವ ಮೊದಲೇ ಈ ಅವಸರದ ಮನುಷ್ಯ ಕಣದಿಂದ ಬಂದ ಮೂಟೆಗೇ ಕೈ ಹಾಕಿದ್ದಾರೆ. ಬೈಸಿಕೊಂಡು ಇಷ್ಟು ಹಿಗ್ಗಿದವರನ್ನು ನೀವು ನೋಡಿರಲಾರಿರಿ! ಕಣ್ಣಲ್ಲಿ ನೀರು, ಬಾಯಿ ತುಂಬ ನಗು. "ಬೈಯವ್ವಾ, ಇನ್ನೊಂದೀಟು ಬೈ!"

ಬಸಗೊಂಡಪ್ಪ ಮಲಗಿದಲ್ಲಿಂದಲೇ ಗದ್ದಲ ಎಬ್ಬಿಸುತ್ತಾನೆ. "ಡಾಕ್ಟ್ರ, ನಾಳಿಗೇ ನನ್ನ ಬೆನ್ನ ಕೊಯ್ರಿ. ಆದ್ರ ನನ್ನ ಕಾಲಿಗೆ ಇಡೂ ಜ್ವಾಳ ಇವತ್ತ ಹಸನ ಆಗಬೇಕು ನೋಡ್ರಿ!"

ಹೊತ್ತು ಏರಿದಾಗ ಡಾಕ್ಟರು ವರಾಂಡದಲ್ಲಿ ಕುಳಿತು, ತೊಡೆಯ ಮೇಲೆ ಮೊರ ಇಟ್ಟುಕೊಂಡು ತಾವೇ ಕಲ್ಲು ಆರಿಸುತ್ತಿದ್ದಾರೆ. ಮುಂದಿನ ಆಸೆ ಏನೆಂದು ಕೇಳಿದರೆ ಒಳಗಿನ ಮಂಚದತ್ತ ಕಣ್ಣು ಹಾಯಿಸಿ ದನಿ ತಗ್ಗಿಸುತ್ತಾರೆ.

"ಎರಡ ಹಳ್ಳು ಮಾತ್ರ ಬಿಟ್ಟಿರತೇನ್ರಿ. ಬಸಗೊಂಡಪ್ಪನ ಕಡಿಂದನೂ ಬೈಸ್ಕೋಬೇಕಲ್ಲ."